ರೇಡಿಯೋಕ್ಕೆ ಚಾರ್ಜಿಂಗ್ ಹಚ್ಚಿದವರು

ಬೆಂಗಳೂರಿನಲ್ಲಿ ನನ್ನ ಆಫೀಸಿನವರು ಮೊಬೈಲನ್ನ ಚಾರ್ಜಿಗೆ ಹಾಕ್ತಾರೆ. ನಮ್ಮ ಕಲಬುರಗಿ ಕಡೆ ನಾವು ಚಾರ್ಜಿಂಗ್ ಹಚ್ತೀವಿ, ದೀಪ ಹಚ್ಚಿದ ಹಾಗೆ. ಹಾಗಂದು ಎಷ್ಟೋ ಸಲ ನಗೆಪಾಟಲಾಗಿದ್ದೀನಿ :) ಆದರೆ ಈ ಮಾತು ನಮ್ಮ ಮನೆಗೆ ಮೊಬೈಲಿನ ಜೊತೆ ಬಂದದ್ದಲ್ಲ. ಎಂಬತ್ತು ದಾಟಿರೋ ನಮ್ಮ ಮುತ್ಯಾ (ಅಪ್ಪನ ಅಪ್ಪ) ಇದೇ ಮಾತನ್ನ ರೇಡಿಯೋ ಬಗ್ಗೆ ಹೇಳ್ತಾರೆ.

"ಬ್ಯಾಟ್ರಿ ಚಾರ್ಜಿಂಗ್ ಹಚ್ಚಲಕ ಗುಲಬರ್ಗಾಕ್ಕ ಹೋಗ್ತಿತ್ತು ನೋಡು. ಅದು ವಾಪಸ್ ಬರೂತನ ಮನಿಯಾಗ ಎಲ್ಲಾರೂ ಸುಮ್ಮನ ಕುಂಡ್ರೂದು."

ಹಳೇ ರೇಡಿಯೋ ಬಗ್ಗೆ ಬ್ಲಾಗುಗಳಲ್ಲಿ ಬೇಕಾದಷ್ಟು ಬರಹ ಓದಿದ್ದೀವಿ. ಬಿನಾಕಾ ಗೀತಮಾಲಾ, ಅಮೀನ್ ಸಯಾನಿ ದನಿ, ಬೆಳಗಿನ ವಾರ್ತೆ... ಎಲ್ಲಾ ಬಂದಿದೆ. ಚಾರ್ಜರ್ ಬಗ್ಗೆ ಬರೆದದ್ದು ಮಾತ್ರ ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಈ ಪೋಸ್ಟು.

ಮೊದಲು ಸ್ವಲ್ಪ ಹಿನ್ನೆಲೆ. ಇಲೆಕ್ಟ್ರಾನಿಕ್ಸ್ ಓದಿದವರು ಈ ಪ್ಯಾರಾ ಹಾರಿಸಬಹುದು. ಟ್ರಾನ್ಸಿಸ್ಟರ್ ಬರೋ ಮೊದಲಿನ ರೇಡಿಯೋಗಳಲ್ಲಿ ವಾಲ್ವ್ ಇರ್ತಿದ್ದವು. ವಾಲ್ವಿನ ಒಳಗಿನ ತಂತಿ ಬಿಸಿಯಾದರೇನೇ ಕೆಲಸ. ಬಿಸಿ ಮಾಡೋಕೆ ಒಂದು ಬ್ಯಾಟರಿ, ಇದು ಎರಡು ವೋಲ್ಟಿನ ತೇಜಾಬಿನ ಬ್ಯಾಟರಿ (ಆಸಿಡ್‌ಗೆ ನಮ್ಮ ಕಡೆ ಇವತ್ತಿಗೂ ತೇಜಾಬ್ ಅಂತಾರೆ). ಅದರ ಮೇಲೆ 90 ಅಥವಾ 120 ವೋಲ್ಟಿನ ಇನ್ನೊಂದು ಒಣ ಬ್ಯಾಟರಿ. ಕೆಲವು ಸೆಟ್ಟುಗಳಿಗೆ ಗ್ರಿಡ್ ಬಯಾಸ್ ಅಂತ ಮೂರನೆಯದೂ ಬೇಕು. ಒಣ ಬ್ಯಾಟರಿ ಮುಗಿದರೆ ಎಸೆದು ಹೊಸದು ತರಬೇಕು. ತೇಜಾಬಿನದನ್ನ ತುಂಬಿಸಿಕೊಳ್ಳಬಹುದು. ಆದರೆ ಅದಕ್ಕೆ ಕರೆಂಟ್ ಇರೋ ಊರಿಗೆ ಹೋಗಬೇಕು. 1920-30ರ ದಶಕದಲ್ಲಿ ಇಂಗ್ಲೆಂಡಿನಲ್ಲೂ ಕರೆಂಟ್ ಇಲ್ಲದ ಮನೆಯವರು ಬ್ಯಾಟರಿ ಹಿಡ್ಕೊಂಡು ವಾರಕ್ಕೊಮ್ಮೆ ಗ್ಯಾರೇಜಿಗೋ ಸೈಕಲ್ ಅಂಗಡಿಗೋ ಹೋಗ್ತಿದ್ದರು.

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆಗ ನಿಜಾಮನ ಸೀಮೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 'ಆಕಾಶವಾಣಿ' ಶುರು ಮಾಡಿದ್ದು 1935ರಲ್ಲಿ. ಅದೇ ವರ್ಷ ಹೈದರಾಬಾದಿನ ರೇಡಿಯೋ ಕೇಂದ್ರವನ್ನ ನಿಜಾಮ್ ಸರ್ಕಾರ ತನ್ನ ಕೈಗೆ ತಗೊಂಡಿತು. ಜನ ಅದನ್ನ ಡೆಕ್ಕನ್ ರೇಡಿಯೋ ಅಂತಿದ್ದರು. ಉರ್ದು ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಕಾರ್ಯಕ್ರಮ ಬರ್ತಿದ್ದವು. 1948ರ ಸೆಪ್ಟೆಂಬರ್ 17ರಂದು ನಿಜಾಮ ಶರಣಾದ ಸುದ್ದಿಯೂ ರೇಡಿಯೋದಲ್ಲೇ ಬಂತು. ರಜಾಕಾರರ ಭಯದಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದ ಹಳ್ಳಿಗಳಿಗೆ ಅದು ಎಂಥ ಸುದ್ದಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದರೆ ಒಂದು ಯೋಚಿಸಿ. ಊರಿಗೆ ಒಂದು ರೇಡಿಯೋ ಇದ್ದರೂ, ಅವತ್ತು ಅದರ ಬ್ಯಾಟರಿ ಚಾರ್ಜಿಂಗಿಗೆ ಹೋಗಿದ್ದರೆ? ಬಾಯಿಂದ ಬಾಯಿಗೆ ಸುದ್ದಿ ಬರೋವರೆಗೂ ಆ ಊರಿನ ಪಾಲಿಗೆ ನಿಜಾಮ ಇನ್ನೂ ಗದ್ದಿಗೆ ಮೇಲೇ!

ನಮ್ಮ ಮನೆಗೆ ರೇಡಿಯೋ ಬಂದದ್ದು ಅದಾದ ಮೇಲೆ, 1950ರ ದಶಕದಲ್ಲಿ. ಜೇವರ್ಗಿ ತಾಲ್ಲೂಕು, ಭೀಮಾ ನದಿ ದಂಡೆಯ ಊರು. ತಂದದ್ದು ಮುತ್ಯಾನ ಅಪ್ಪ. ಹೊಲ, ಎತ್ತು, ಆಳುಕಾಳು ಎಲ್ಲಾ ಇದ್ದ ಮನೆ. ಅದು ವೈಬ್ರೇಟರ್ ಸೆಟ್ಟು. ಅಂದರೆ ಲಾರಿಗೆ ಹಾಕೋ ಥರದ ಆರು ವೋಲ್ಟಿನ ಒಂದೇ ಬ್ಯಾಟರಿ ಸಾಕು. ಒಳಗೆ ಒಂದು ಉಕ್ಕಿನ ಪಟ್ಟಿ ಸೆಕೆಂಡಿಗೆ ನೂರರ ಆಸುಪಾಸು ಸಲ ಅದುರಿ ಡಿ.ಸಿ.ಯನ್ನ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡ್ತದೆ. ಅಲ್ಲಿಂದ ವಾಲ್ವಿಗೆ ಬೇಕಾದ ಹೈ ವೋಲ್ಟೇಜ್. ಒಣ ಬ್ಯಾಟರಿ ಖರ್ಚು ಉಳೀತು. ಆದರೆ ಎಲ್ಲಾ ಭಾರ ಆ ಒಂದೇ ಬ್ಯಾಟರಿ ಮೇಲೆ ಬಿತ್ತು. ಹಾಡು ಶುರುವಾಗೋ ಮೊದಲು ಗುಂಯ್ ಅಂತ ದುಂಬಿ ಹೊಕ್ಕಂಗೆ ಸದ್ದು ಬರ್ತಿತ್ತಂತೆ.

ನಾನು ಸುಮ್ಮನೆ ಒಂದು ಲೆಕ್ಕ ಹಾಕಿದೆ. ಇಂಥ ಸೆಟ್ಟು ಎರಡು ಆಂಪಿಯರ್ ಎಳೀತದೆ ಅಂತ ಹಿಡಿಯಿರಿ. ದಿನಕ್ಕೆ ಮೂರು ತಾಸು ಕೇಳಿದರೆ ಆರು ಆಂಪಿಯರ್-ತಾಸು. ಬ್ಯಾಟರಿ 80 ಆಂಪಿಯರ್-ತಾಸಿನದಾದರೆ 13 ದಿನ ಬರಬೇಕು. ಆದರೆ ತೇಜಾಬಿನ ಬ್ಯಾಟರಿಯನ್ನ ಪೂರ್ತಿ ಖಾಲಿ ಮಾಡಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಅದು ಬೇಗ ಸಾಯ್ತದೆ. ಹಾಗಾಗಿ ಹತ್ತು ದಿನಕ್ಕೆ ಒಯ್ಯಲೇಬೇಕು. ಮುತ್ಯಾನ ಕೇಳಿದೆ, "ಎಷ್ಟ್ ದಿನಕ್ಕೊಮ್ಮೆ ಹೋಗ್ತಿತ್ತು?" ಅಂತ. "ಹತ್ತು ಹನ್ನೊಂದು ದಿನಕ್ಕ" ಅಂದರು. ನನ್ನ ಇಂಜಿನಿಯರಿಂಗ್ ಡಿಗ್ರಿಗೆ ಇಷ್ಟು ಮರ್ಯಾದೆ ಮನೆಯಲ್ಲಿ ಯಾವತ್ತೂ ಸಿಕ್ಕಿರಲಿಲ್ಲ :)

ಈಗ ಅದನ್ನ ಒಯ್ಯೋ ವಿಚಾರ. ಜೇವರ್ಗಿಯಿಂದ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರ್. ನಡುವೆ ಭೀಮಾ ನದಿ. ಬ್ಯಾಟರಿ ತೂಕ ಹದಿನೈದು ಇಪ್ಪತ್ತು ಕೆ.ಜಿ. ಅದನ್ನ ವಾಲಿಸೋ ಹಾಗಿಲ್ಲ, ಬೀಳಿಸೋ ಹಾಗಂತೂ ಇಲ್ಲವೇ ಇಲ್ಲ. ನಮ್ಮ ಮನೆಯಲ್ಲಿ ದುಡೀತಿದ್ದ ಒಬ್ಬರು ಅದನ್ನ ತಲೆ ಮೇಲೆ ಹೊತ್ತು ನದಿ ದಾಟಿಸಿ, ರಸ್ತೆಯಲ್ಲಿ ಸಿಕ್ಕ ಗಾಡಿಯೋ ಲಾರಿಯೋ ಹತ್ತಿ ಗುಲಬರ್ಗಾ ಮುಟ್ಟಿಸ್ತಿದ್ದರು. ಮಳೆಗಾಲದಲ್ಲಿ ಹೊಳೆ ಬಂದರೆ ಹರಗೋಲು. ಹೊಳೆ ಬಹಳ ಬಂದರೆ ರೇಡಿಯೋ ಬಂದ್. ಅವರ ಹೆಸರು ಬರೀಬೇಕು ಅಂತ ಆಸೆ ಇತ್ತು. ಮನೆಯವರು ಬೇಡ ಅಂದರು, ಅದಕ್ಕೆ ಬರೆದಿಲ್ಲ.

ಮೂರೂ ತಾಲ್ಲೂಕಿಗೆ ಇದೇ ಕಥೆ ಅಲ್ಲ. ಅಫಜಲಪುರದಲ್ಲಿ ನಮ್ಮ ಸೋದರಮಾವನ ಮನೆ. ಅವರ ಕಡೆ ಬ್ಯಾಟರಿ ರೈಲು ಹತ್ತುತ್ತಿತ್ತು. ದತ್ತಾತ್ರೇಯನ ಗಾಣಗಾಪುರಕ್ಕೆ ಹೋಗೋರೆಲ್ಲಾ ಇಳಿಯೋ ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ಒಂದು ಕಡೆ ಗುಲಬರ್ಗಾ, ಇನ್ನೊಂದು ಕಡೆ ಸೊಲ್ಲಾಪುರ. ಎಲ್ಲಿ ಕೆಲಸ ಇದೆಯೋ ಆ ಕಡೆ ಬ್ಯಾಟರಿ. ಆಳಂದದ ಹತ್ತಿರ ನಮ್ಮ ಅತ್ತೆ ಊರಿನಲ್ಲಿ ಹಿಟ್ಟಿನ ಗಿರಣಿ ಇತ್ತು, ಆಯಿಲ್ ಇಂಜಿನ್ನಿನದು. ಗಿರಣಿಯವರು ಅದರ ಬೆಲ್ಟಿಗೆ ಲಾರಿಯ ಡೈನಮೋ ಕೂಡಿಸಿದ್ದರು. ಜೋಳ ಬೀಸೋವಾಗ ಬ್ಯಾಟರಿನೂ ತುಂಬ್ತಿತ್ತು! ಸಂತೆಯ ಹಿಂದಿನ ದಿನ ಬೀಸೋದು ಜಾಸ್ತಿ, ಹಾಗಾಗಿ ಚಾರ್ಜೂ ಜಾಸ್ತಿ. ಅಮೆರಿಕದ ಹಳ್ಳಿಗಳಲ್ಲಿ ಇದೇ ಕೆಲಸಕ್ಕೆ ಮನೆ ಮೇಲೆ ಗಾಳಿಚಕ್ರ ಕಟ್ಟೋರು. ನಮ್ಮತ್ತೆಗೆ ಹೇಳಿದೆ. "ಗಾಳಿ ಯಾಕ ಬೇಕು, ನಮ್ಮೂರಾಗ ರೊಟ್ಟಿ ತಿನ್ನೋರು ಇದ್ರಲ್ಲ" ಅಂದಳು.

ಇನ್ನು ಗುಲಬರ್ಗಾದ ಅಂಗಡಿಯ ಚಾರ್ಜರ್. ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿಗೆ ಹರಿಯೋ ಡಿ.ಸಿ. ಮೊದಲು ಡಿ.ಸಿ. ಸಪ್ಲೈ ಇದ್ದ ಊರುಗಳಲ್ಲಿ ಚಾರ್ಜರ್ ಅಂದರೆ ಮರದ ಹಲಗೆ ಮೇಲೆ ಸಾಲಾಗಿ ಬಲ್ಬುಗಳು, ಅಷ್ಟೇ. 220 ವೋಲ್ಟ್ ನೇರವಾಗಿ ಬ್ಯಾಟರಿಗೆ ಹೋಗದಂತೆ ಬಲ್ಬು ತಡೀತದೆ. ನೂರು ವಾಟಿನ ಒಂದು ಬಲ್ಬು ಹೆಚ್ಚೂಕಡಿಮೆ ಅರ್ಧ ಆಂಪಿಯರ್ ಬಿಡ್ತದೆ. ಇನ್ನೂ ಬೇಕಂದ್ರೆ ಪಕ್ಕದ ಬಲ್ಬು ತಿರುಗಿಸು. ಆರು ವೋಲ್ಟಿನ ಒಂದೇ ಬ್ಯಾಟರಿ ಹಚ್ಚಿದರೆ ಕರೆಂಟಿನ ಬಹುಪಾಲು ಬಲ್ಬಿನಲ್ಲೇ ಬೆಳಕಾಗಿ ಹೋಗ್ತದೆ. ಹತ್ತು ಬ್ಯಾಟರಿಯನ್ನ ಒಂದರ ಹಿಂದೊಂದು ಸರಪಳಿ ಮಾಡಿ ಹಚ್ಚಿದರೆ ಅದೇ ಖರ್ಚಿನಲ್ಲಿ ಹತ್ತೂ ತುಂಬ್ತವೆ. ಅದಕ್ಕೇ ಅಂಗಡಿಯವರು ಸಾಲು ತುಂಬೋವರೆಗೂ ಕಾಯಿಸ್ತಿದ್ದರು. ಗಿರಾಕಿಗೆ ಅದು ಸೋಮಾರಿತನ ಅನಿಸಿರಬೇಕು. ಲೆಕ್ಕ ಹಾಕಿದರೆ ಜಾಣತನ.

ಎ.ಸಿ. ಇರೋ ಕಡೆ ಅದನ್ನ ಡಿ.ಸಿ. ಮಾಡಬೇಕು. ನಮ್ಮ ಬ್ಯಾಟರಿ ಹೋಗ್ತಿದ್ದ ಅಂಗಡಿಯಲ್ಲಿ ಇದ್ದದ್ದು ಟಂಗಾರ್ ಥರದ ಚಾರ್ಜರ್. ಅಮೆರಿಕದ ಜನರಲ್ ಇಲೆಕ್ಟ್ರಿಕ್ ಕಂಪನಿ ಮೊದಲ ಮಹಾಯುದ್ಧದ ಕಾಲದಲ್ಲಿ ತಂದದ್ದು. ಟಂಗ್‌ಸ್ಟನ್ ಮತ್ತು ಆರ್ಗಾನ್ ಸೇರಿ ಟಂಗಾರ್. ಫಿಲಿಪ್ಸ್ ಕೂಡ ಇಂಥ ರೆಕ್ಟಿಫೈಯರ್ ಬಲ್ಬು ಮಾಡ್ತಿತ್ತು. ಕಬ್ಬಿಣದ ಡಬ್ಬಿ, ಒಳಗೆ ಟ್ರಾನ್ಸ್‌ಫಾರ್ಮರ್, ನಡುವೆ ದಪ್ಪ ಬಲ್ಬು. ಬಲ್ಬಿನೊಳಗೆ ಕಡಿಮೆ ಒತ್ತಡದಲ್ಲಿ ಆರ್ಗಾನ್ ಅನಿಲ, ಕೆಳಗೆ ಟಂಗ್‌ಸ್ಟನ್ ಸುರುಳಿ, ಮೇಲೆ ಗ್ರಾಫೈಟಿನ ಗುಂಡಿ. ಸುರುಳಿ ಕೆಂಪಗೆ ಕಾದಾಗ ಕರೆಂಟ್ ಒಂದೇ ದಿಕ್ಕಿಗೆ ದಾಟ್ತದೆ, ವಾಪಸ್ ಬರೋ ಹಾಗಿಲ್ಲ. ಐದು ಆಂಪಿಯರ್ ಕೊಟ್ಟರೆ ನಮ್ಮ 80ರ ಬ್ಯಾಟರಿ ತುಂಬೋಕೆ ಹದಿನಾರು ತಾಸು, ನಷ್ಟ ಸೇರಿಸಿದರೆ ಇಪ್ಪತ್ತು. ಹೋಗೋಕೊಂದು ದಿನ, ತುಂಬೋಕೊಂದು, ಬರೋಕೊಂದು. ಹತ್ತು ದಿನಕ್ಕೊಮ್ಮೆ ಮೂರು ದಿನ.

ಆ ಮೂರು ದಿನ ನಮ್ಮ ಮನೆಗೆ ರೇಡಿಯೋ ಇಲ್ಲ. ಹೊತ್ತೊಯ್ದವರಿಗೆ? ಇಲ್ಲಿಂದ ಮುಂದಿನ ಕಥೆ ನಂಗೆ ಗೊತ್ತೇ ಇರಲಿಲ್ಲ.

ಮುತ್ಯಾ ಹೇಳೋ ರೇಡಿಯೋ ಕಥೆಯಲ್ಲಿ ಪಡಸಾಲೆ ತುಂಬ ಜನ ಇರ್ತಾರೆ. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದ ಕನ್ನಡ, ಹೈದರಾಬಾದಿನ ಉರ್ದು, ಬುಧವಾರ ರಾತ್ರಿ ಸಿಲೋನಿನ ಗೀತಮಾಲಾ. ಕಂಬಳಿ ಹಾಸಿ ಹಿರಿಯರು ಕೂಡೋರು, ಹಿಂದೆ ಹುಡುಗರು, ಬಾಗಿಲ ಸಂದಿಯಲ್ಲಿ ಹೆಣ್ಣುಮಕ್ಕಳು. "ಮತ್ತ ಬ್ಯಾಟ್ರಿ ಹೊತ್ತು ತರೋರು ಎಲ್ಲಿ ಕುಂಡ್ರತಿದ್ರು?" ಅಂತ ಒಂದ್ಸಲ ಕೇಳಿದೆ. ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಳದಾಗ. ಬೇವಿನ ಗಿಡದ ಬುಡಕ್ಕ. ಆವಾಗ ಹಂಗೇ ಇತ್ತು ತಮ್ಮಾ" ಅಂದರು. ಮುಂದೆ ಕೇಳಲಿಲ್ಲ. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅವರ ಮಗನಿಗೆ ಈಗ ಎಪ್ಪತ್ತೈದರ ಮೇಲೆ. ಜೇವರ್ಗಿಯಲ್ಲಿ ಬ್ಯಾಟರಿ ಅಂಗಡಿ. ಈಗ ನಡೆಸೋದು ಮೊಮ್ಮಗ. ಟ್ರ್ಯಾಕ್ಟರ್, ಲಾರಿ, ಇನ್ವರ್ಟರ್ ಎಲ್ಲಾ ಬ್ಯಾಟರಿ ನೋಡ್ತಾನೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಮನೆಯ ಇನ್ವರ್ಟರ್ ಬ್ಯಾಟರಿ ಒಯ್ದಿದ್ದೆ. ಮೂಲೆಯಲ್ಲಿ ಕಂಡಿತು ಆ ಡಬ್ಬಿ. ಜಾಲರಿ ಬಾಗಿಲು, ಮುಂದೆ ಆಂಪಿಯರ್ ಮೀಟರು, ಒಳಗೆ ಕಪ್ಪಿಟ್ಟ ಬಲ್ಬು. ನಾನು ಕಾಲೇಜಿನಲ್ಲಿ ಪುಸ್ತಕದ ಚಿತ್ರದಲ್ಲೂ ನೋಡಿರಲಿಲ್ಲ. ಹಿರಿಯರು ಖುರ್ಚಿ ಹಾಕಿ ಕೂಡಿಸಿದರು, ಚಾ ತರಿಸಿದರು.

"ಇದು ನಿಮ್ಮ ಮನಿ ಬ್ಯಾಟ್ರಿ ತುಂಬತಿತ್ತಲ್ಲ, ಅದೇ ಡಬ್ಬಿ" ಅಂದರು. ನಾನು ಬೆಪ್ಪಾದೆ.

ನಡೆದದ್ದು ಇಷ್ಟು. ಬ್ಯಾಟರಿ ತುಂಬೋವರೆಗೆ ಅವರಪ್ಪನಿಗೆ ಗುಲಬರ್ಗಾದಲ್ಲಿ ಬೇರೆ ಎಲ್ಲೂ ಜಾಗ ಇರಲಿಲ್ಲ. ಅಂಗಡಿಯಲ್ಲೇ ಮಲಗೋರು. ಸುಮ್ಮನೆ ಯಾಕೆ ಕೂಡೋದು ಅಂತ ಕೈ ಹಚ್ಚಿದರು. ಮೊದಲು ಕ್ಲಿಪ್ಪು ತಿಕ್ಕೋದು, ಆಮೇಲೆ ಡಿಸ್ಟಿಲ್ ನೀರು ಹಾಕೋದು, ಆಮೇಲೆ ಗ್ರಾವಿಟಿ ನೋಡೋದು. ಗಾಜಿನ ಹೈಡ್ರೋಮೀಟರಿನಲ್ಲಿ ತೇಜಾಬ್ ಎಳೆದು 1250 ದಾಟಿದೆಯಾ ಅಂತ ನೋಡಬೇಕು. ಓದು ಬರಹ ಇರಲಿಲ್ಲ. ಗೆರೆ ನೋಡಿ ಹೇಳ್ತಿದ್ದರು. ಆಮೇಲಾಮೇಲೆ ಗೆರೆನೂ ಬೇಕಾಗಲಿಲ್ಲ, ಗುಳ್ಳೆ ಏಳೋದನ್ನ ನೋಡಿದರೆ ಸಾಕಿತ್ತಂತೆ.

"ಕಾಕಾ, ನಿಮ್ಮಪ್ಪಗ ರೇಡಿಯೋ ಅಂದ್ರ ಭಾಳ ಪ್ರೀತಿ ಇತ್ತೇನು?" ಅಂದೆ.

"ಬ್ಯಾಟ್ರಿ ಹೊತ್ತು ಹೊತ್ತು ಧೋತ್ರ ಎಲ್ಲಾ ತೂತು. ತೇಜಾಬ್ ತುಳಕ್ತಿತ್ತು. ಪ್ರೀತಿ ಏನ್ ಬಂತು ತಮ್ಮಾ..." ಅಂತ ನಕ್ಕರು. ಆಮೇಲೆ, "ಆದ್ರ ಅಂಗಡ್ಯಾಗ ಸೇಠ್ ಟೆಸ್ಟಿಂಗಿಗೆ ಅಂತ ಒಂದು ರೇಡಿಯೋ ಇಟ್ಟಿದ್ದ. ಅದು ಇಡೀ ದಿನ ಹಾಡ್ತಿತ್ತು. ನಮ್ಮಪ್ಪ ಅದರ ಬಾಜೂಕೇ ಕುಂತು ಕೇಳ್ತಿದ್ದ. ಊರಾಗ ಅಂಗಳದಾಗ, ಗುಲಬರ್ಗಾದಾಗ ಬಾಜೂಕ. ತಿರುವೂ ಗುಂಡಿನೂ ತಾನೇ ತಿರುವ್ತಿದ್ದ."

ಅದೇ ಊರಿಂದ ಅದೇ ಬ್ಯಾಟರಿ ಹಿಡ್ಕೊಂಡು ನಲವತ್ತು ಕಿಲೋಮೀಟರ್ ಹೋದರೆ ಒಬ್ಬ ಮನುಷ್ಯ ಅಂಗಳದಿಂದ ರೇಡಿಯೋದ ಪಕ್ಕಕ್ಕೆ ಬರ್ತಾನೆ. ನಮ್ಮ ಮನೆಯ ಮೂರು ದಿನದ ಮೌನದಲ್ಲಿ ಅವರು ಅಲ್ಲಿ ಸಿಲೋನ್ ಹಚ್ಚಿಕೊಂಡು ಕೂತಿರ್ತಿದ್ದರು. ಇದನ್ನ ಮುತ್ಯಾಗೆ ಹೇಳಿದೆ. "ಹೌದಾ? ನಮಗ ಒಮ್ಮೆನೂ ಹೇಳಲಿಲ್ಲ ಅಂವ" ಅಂದರು. ಹೇಗೆ ಹೇಳ್ತಾರೆ?

ಆಮೇಲಿನದು ಬೇಗ ಮುಗೀತದೆ. 1956ರಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1957ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಆಯಿತು, ಕಂಬಗಳು ನಿಧಾನಕ್ಕೆ ನಮ್ಮ ಕಡೆಗೂ ಬಂದವು. ಕಂಬಕ್ಕಿಂತ ಮೊದಲು ಬಂದದ್ದು ಟ್ರಾನ್ಸಿಸ್ಟರ್. ವಾಲ್ವಿನ ಹಾಗೆ ಬಿಸಿ ಮಾಡೋ ಗೋಜಿಲ್ಲ, ನಾಲ್ಕು ಟಾರ್ಚ್ ಸೆಲ್ ಹಾಕಿದರೆ ಮುಗೀತು. 1966ರಲ್ಲಿ ಗುಲಬರ್ಗಾದಲ್ಲೇ ಆಕಾಶವಾಣಿ ಕೇಂದ್ರ ಶುರುವಾಯಿತು. ಅಷ್ಟರಲ್ಲಿ ನಮ್ಮ ವೈಬ್ರೇಟರ್ ಸೆಟ್ಟು ಅಟ್ಟ ಸೇರಿ ಇಲಿ ಗೂಡಾಗಿತ್ತು. ಹೊಲಕ್ಕೆ ಹೋಗೋರ ಹೆಗಲ ಮೇಲೂ ರೇಡಿಯೋ ಬಂತು. ಪಡಸಾಲೆ, ಅಂಗಳ ಅನ್ನೋ ಲೆಕ್ಕ ರೇಡಿಯೋದ ಮಟ್ಟಿಗಾದರೂ ಮುಗೀತು.

ರೇಡಿಯೋ ಸತ್ತರೂ ಚಾರ್ಜರ್ ಸಾಯಲಿಲ್ಲ. ಸೇಠ್ ಹೊಸ ಸೆಲೆನಿಯಂ ಚಾರ್ಜರ್ ತಗೊಂಡಾಗ ಹಳೇ ಟಂಗಾರ್ ಡಬ್ಬಿಯನ್ನ ಇವರಿಗೆ ಕೊಟ್ಟ, ದುಡ್ಡು ಕಂತಿನಲ್ಲಿ. ಜೇವರ್ಗಿಗೆ ಕರೆಂಟ್ ಬಂದ ಮೇಲೆ ಅದನ್ನ ಇಟ್ಕೊಂಡು ತಗಡಿನ ಅಂಗಡಿ ಹಾಕಿದರು. ಬಲ್ಬು ಹೋದ ಮೇಲೆ ಸಿಲಿಕಾನ್ ಡಯೋಡ್ ಕೂಡಿಸಿ ಇನ್ನಷ್ಟು ವರ್ಷ ನಡೆಸಿದರು. ಅದೇ ಅಂಗಡಿಯ ದುಡಿಮೆಯಲ್ಲಿ ಮಗ ಎಸ್ಸೆಸ್ಸೆಲ್ಸಿ ಓದಿದ, ಮೊಮ್ಮಗ ಐಟಿಐ ಮಾಡಿದ. ರೇಡಿಯೋ ತಂದದ್ದು ನಾವು, ಅದರಿಂದ ಒಂದು ವಿದ್ಯೆ ಸಂಪಾದಿಸಿದವರು ಅವರು. ನಮಗೆ ಉಳಿದದ್ದು 'ನಮ್ಮನೇಲೂ ರೇಡಿಯೋ ಇತ್ತು' ಅನ್ನೋ ಮಾತು ಮಾತ್ರ.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಗೆ ಮಹಾಪೂರ ಬಂದದ್ದು ನೆನಪಿರಬಹುದು. ಅಫಜಲಪುರ, ಜೇವರ್ಗಿ ತಾಲ್ಲೂಕಿನ ದಂಡೆ ಹಳ್ಳಿಗಳೆಲ್ಲಾ ನೀರಿನಲ್ಲಿ. ನಮ್ಮೂರಿನವರು ಎತ್ತರದಲ್ಲಿರೋ ಶಾಲೆಗೆ ಹೋಗಿ ಕೂತರು. ಕರೆಂಟ್ ಇಲ್ಲ, ಮೊಬೈಲೆಲ್ಲಾ ಸತ್ತವು. ನಾನು ಬೆಂಗಳೂರಿನಲ್ಲಿ ಫೋನ್ ಮಾಡಿ ಮಾಡಿ ಸಾಕಾಗಿದ್ದೆ. ಎರಡನೇ ದಿನ ಸಂಜೆ ಅಪ್ಪನ ಫೋನ್ ಬಂತು. ಯಾರೋ ಟ್ರ್ಯಾಕ್ಟರಿನ ಬ್ಯಾಟರಿಗೆ ಸಣ್ಣ ಇನ್ವರ್ಟರ್ ಕೂಡಿಸಿ, ಶಾಲೆ ಕಟ್ಟೆ ಮೇಲೆ ಪ್ಲಗ್ಗಿನ ಬೋರ್ಡುಗಳನ್ನ ಸಾಲಾಗಿ ಇಟ್ಟಿದ್ದಾರೆ, ಸರದಿ ಮೇಲೆ ಎಲ್ಲರೂ ಚಾರ್ಜಿಂಗ್ ಹಚ್ತಿದ್ದಾರೆ ಅಂದರು. ಆ ಯಾರೋ ಇದೇ ಮೊಮ್ಮಗ ಅಂತ ಗೊತ್ತಾದದ್ದು ಮೊನ್ನೆ ಅಂಗಡಿಯಲ್ಲಿ. ಒಬ್ಬೊಬ್ಬರಿಗೆ ಅರ್ಧ ತಾಸು ಅಂತ ಅವನೇ ಲೆಕ್ಕ ಇಟ್ಟಿದ್ದನಂತೆ. "ಯಾರದು ಮೊದಲು ಹಚ್ಚಿದಿ?" ಅಂತ ಕೇಳಿದೆ. "ಯಾರದು ಪೂರ್ತಿ ಸತ್ತಿತ್ತೋ ಅವರದು ರೀ, ಮತ್ಯಾರದು" ಅಂದ.

ಕೊನೆಗೆ ಒಂದು ಕಳಕಳಿಯ ಮಾತು. ನಿಮ್ಮ ಅಟ್ಟದ ಮೇಲೆ ಇಂಥ ಹಳೇ ಚಾರ್ಜರ್ ಸಿಕ್ಕರೆ ಖುಷಿಯಲ್ಲಿ ನೇರ ಪ್ಲಗ್ಗಿಗೆ ಹಚ್ಚಬೇಡಿ. ಒಳಗಿನ ವೈರಿನ ಹತ್ತಿ, ರಬ್ಬರು ಪುಡಿಯಾಗಿರ್ತದೆ. ಕೆಲವು ಡಬ್ಬಿಗಳಲ್ಲಿ ಬ್ಯಾಟರಿ ಕ್ಲಿಪ್ಪಿಗೂ ಮೇನ್ಸಿಗೂ ನೇರ ಸಂಬಂಧ ಇರ್ತದೆ, ಮುಟ್ಟಿದರೆ ಶಾಕ್. ಸೆಲೆನಿಯಂ ಪ್ಲೇಟಿನದಾದರೆ ಸುಟ್ಟಾಗ ಬರೋ ಹೊಗೆ ಗಬ್ಬುನಾತ, ಮೇಲಾಗಿ ವಿಷ. ಬ್ಯಾಟರಿ ತುಂಬೋವಾಗ ಹೈಡ್ರೋಜನ್ ಬರ್ತದೆ, ಹತ್ತಿರ ಬೀಡಿ ಸಿಗರೇಟು ಬೇಡ. ಒರೆಸಿ, ಫೋಟೋ ತೆಗೆದು ಇಟ್ಕೊಳ್ಳಿ. ಗುಜರಿಗೆ ಮಾತ್ರ ಹಾಕಬೇಡಿ. ಒಳಗಿನ ತಾಮ್ರದ ಆಸೆಗೆ ಅವರು ಕೇಳ್ತಾರೆ. ಜೇವರ್ಗಿಯ ಕಾಕಾ ಇಲ್ಲಿವರೆಗೆ ನಾಲ್ಕು ಜನರನ್ನ ವಾಪಸ್ ಕಳಿಸಿದ್ದಾರೆ.

ನಿಮ್ಮೂರಿನ ರೇಡಿಯೋ ಬ್ಯಾಟರಿ ಎಲ್ಲಿಗೆ ಹೋಗ್ತಿತ್ತು? ಮನೆಯ ಹಿರಿಯರನ್ನ ಕೇಳಿ ಕಾಮೆಂಟಿನಲ್ಲಿ ಬರೀರಿ. ಯಾವ ಕಂಪನಿ ರೇಡಿಯೋ ಅಂತ ಅವರು ತಾವಾಗೇ ಹೇಳ್ತಾರೆ. ಬ್ಯಾಟರಿ ಹೊತ್ತವರು ಯಾರು ಅಂತ ನೀವೇ ಕೇಳಬೇಕು.